ಸೂರ್ಯನ ಸದ್ದು ಕೇಳಿದ ಹೊಲ

ಆಗಿನ್ನೂ ಕೊಳ್ಳೇಗಾಲ ಮದ್ರಾಸಿಗೆ ಸೇರಿತ್ತು. ಮುಳ್ಳೂರಿನ ನಮ್ಮ ಬೀದಿಯಲ್ಲಿ ಯಾರ ಮನೆಗೂ ಕರೆಂಟಿರಲಿಲ್ಲ. ಬೆಳಗಾದರೆ ರೇಷ್ಮೆಗೂಡು ಬೇಯುವ ನಾತ, ಅದರ ಜೊತೆಗೇ ಅಜ್ಜಿಯ ಉಪ್ಸಾರಿನ ಘಮ; ಎರಡನ್ನೂ ಉಂಡು ಬೆಳೆದವರು ನಾವು.

ಎರಡನೇ ಮಹಾಯುದ್ಧ ಮುಗಿದು, ಸೈನ್ಯದ ವೈರ್‌ಲೆಸ್ ಕೆಲಸ ಬಿಟ್ಟು ಬಂದ ಚಿಕ್ಕಪ್ಪ ಆ ಬೇಸಿಗೆಯಲ್ಲಿ ತಾತನ ಖಾಲಿ ಹೊಲದ ತುಂಬ ಬಿದಿರು ಗಳ ನೆಟ್ಟು ಸಾಲುಸಾಲಾಗಿ ತಾಮ್ರದ ತಂತಿ ಎಳೆದ. ಒಂದು ತಂತಿಗೆ ಸಿಕ್ಕದ ಸಣ್ಣ ಸದ್ದು ಹತ್ತಾರು ತಂತಿ ಕೂಡಿದರೆ ಸಿಗುತ್ತದಂತೆ. ಎಲ್ಲವೂ ಗುಡಿಸಲೊಳಗಿನ ಹಳೇ ಬ್ಯಾಟರಿ ರೇಡಿಯೊ ಪೆಟ್ಟಿಗೆಗೆ ಬಂದು ಸೇರುತ್ತಿದ್ದವು. ಸೂರ್ಯನಿಂದಲೂ ರೇಡಿಯೊ ಅಲೆ ಬರುತ್ತವಂತೆ; ನೆತ್ತಿಗೆ ಬಂದ ಸೂರ್ಯನ ಆ ಸದ್ದು ಹಿಡಿಯಬೇಕೆಂಬುದು ಚಿಕ್ಕಪ್ಪನ ಹಟ.

"ಮಳೆ ಉಯ್ಯೋಗಂಟ ಇರ್ಲಿ. ಆಮ್ಯಾಕೆ ನಾನು ಉಳ್ಬೇಕು, ಗಳ ಕಿತ್ತಾಕ್ಬೇಕು ಕಣ್ಲಾ," ಅಂದಿದ್ದರು ತಾತ.

"ಆಯ್ತು ಕಣಪ್ಪ," ಅಂದಿದ್ದ ಚಿಕ್ಕಪ್ಪ. ಮೋಡ ಕಂಡರೆ ಊರಿಗೆಲ್ಲ ಹಿಗ್ಗು, ಅವನಿಗೆ ಎದೆ ಡವಡವ. ಬಿದಿರಿನ ಸಾಲುಗಳ ನಡುವೆ ಕುಂಟೆಬಿಲ್ಲೆ ಆಡುತ್ತಿದ್ದ ನಾನಂತೂ ಅವನ ಪಕ್ಷ.

ಕರಕರ ಅನ್ನುತ್ತಿದ್ದ ಪೆಟ್ಟಿಗೆ ಒಂದು ದಿನ ಮೂಕವಾಯಿತು. ಹೊರಗೆ ಬಂದು ನೋಡಿದರೆ ಮಗ್ಗದ ಮನೆಯ ನಿಂಗಮ್ಮ ಬಣ್ಣ ಹಾಕಿದ ರೇಷ್ಮೆ ನೂಲಿನ ಲಡಿಗಳನ್ನು ಕೋಲಿಗೆ ಪೋಣಿಸಿ, ತಂತಿಗಳ ಮೇಲೆ ಅಡ್ಡಡ್ಡ ಇಟ್ಟು ಒಣಹಾಕಿದ್ದಾಳೆ. ತಂತಿಗಳೆಲ್ಲ ಜೋತು ಒಂದಕ್ಕೊಂದು ತಾಗಿವೆ.

"ಇದೇನಕ್ಕ ಇದು?" ಅಂದ ಚಿಕ್ಕಪ್ಪ.

"ಇಷ್ಟ್ ಚೆಂದಾಗಿ ಸಾಲಾಗಿ ಎಳ್ದಿದ್ದೀಯ. ಊರೋರ್ಗೆಲ್ಲ ಲಡಿ ಒಣಾಕಕೆ ಅಂತ್ಲೇ ಅನ್ಕಂಡೆ ಕಣಪ್ಪ," ಅಂದಳು ನಿಂಗಮ್ಮ. ಚಿಕ್ಕಪ್ಪನಿಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ. ಆ ದಿನವೆಲ್ಲ ತಂತಿ ಬಿಗಿಯುವುದರಲ್ಲೇ ಹೋಯಿತು.

ಮಾರನೆಯ ದಿನ ಬಿಳಿಗಿರಿರಂಗನ ಬೆಟ್ಟದ ಕಡೆ ಮೋಡ ಏಳುತ್ತಿತ್ತು. ಇನ್ನು ತಡೆಯಲಾಗದೆ ಚಿಕ್ಕಪ್ಪ ಹೆಡ್‌ಫೋನನ್ನು ತಾತನ ಕಿವಿಗೇ ಸಿಕ್ಕಿಸಿದ. ಸೂರ್ಯ ನೆತ್ತಿಗೆ ಬಂದ. ತಾತ ಕೂತೇ ಕೂತರು, ಮುಂದಿದ್ದ ಮುದ್ದೆ ಆರಿಹೋಯಿತು.

"ಎಸರು ಮರಳ್ದಂಗೆ ಅದೆ," ಅಂದರು. ನನ್ನ ಕಿವಿಗೂ ಒಂದು ಗಳಿಗೆ ಇಟ್ಟರು. ಸುಯ್ಯೆನ್ನುವ ಆ ಸದ್ದಿಗೆ ಮೈ ಜುಮ್ಮೆಂದಿತು. ಹೊತ್ತು ವಾಲಿದಂತೆ ಸದ್ದೂ ಇಳಿಯಿತು. "ಅವನ್ದೇ ಕಣ್ಲಾ," ಅಂದರು ತಾತ, ಮೆಲ್ಲಗೆ. ಚಿಕ್ಕಪ್ಪ ಮುಖ ಆಚೆ ತಿರುಗಿಸಿ ಕಣ್ಣೊರೆಸಿಕೊಂಡ.

ಸಂಜೆ ಮಳೆ ಹುಯ್ಯಿತು. ಮರುದಿನ ಬೆಳಿಗ್ಗೆ, ಕೊಟ್ಟ ಮಾತಿನಂತೆ, ಚಿಕ್ಕಪ್ಪ ಗಳ ಕಿತ್ತ. ತಾತ ಎತ್ತುಗಳನ್ನು ಬದುವಿನಲ್ಲಿ ನಿಲ್ಲಿಸಿ, ಗಳ ಹೊರಲು ತಾವೇ ಹೆಗಲು ಕೊಟ್ಟರು. ಅತ್ತವಳು ನಾನೊಬ್ಬಳೇ.

ಈಗ ರೇಡಿಯೊದ ಮುಳ್ಳು ಎಲ್ಲಿಗೆ ತಿರುಗಿಸಿದರೂ ಸಂದಿಲ್ಲದಂತೆ ಮಾತು, ಜಾಹೀರಾತು. ಉಣ್ಣುವುದನ್ನೂ ಮರೆತು ಸೂರ್ಯನಿಗೆ ಕಿವಿಗೊಟ್ಟ ರೈತನೊಬ್ಬ ನಮ್ಮ ಮನೆಯಲ್ಲಿದ್ದ ಎಂದರೆ ಮೊಮ್ಮಕ್ಕಳು ನಗುತ್ತವೆ. ನಂಬಿಸೋಣವೆಂದರೆ ಆ ಸದ್ದು ಕೇಳಿದವರಲ್ಲಿ ಉಳಿದವಳು ನಾನೊಬ್ಬಳೇ.