ಬಿಳಿ ಕರ್ಚೀಫಿನ ಸಿದ್ಧಗಂಗಯ್ಯ

ಸಿದ್ಧಗಂಗಯ್ಯನವರು ನಂಬುತ್ತಿದ್ದದ್ದು ತಮ್ಮ ಬಿಳಿ ಕರ್ಚೀಫನ್ನು ಮಾತ್ರ. ದಿನಾ ಬೆಳಿಗ್ಗೆ ತುಮಕೂರಿನ ನಮ್ಮ ಕಚೇರಿ ಮುಂದೆ ಸೈಕಲ್ಲಿಗೆ ಬೀಗ ಹಾಕಿ, ಕರ್ಚೀಫಿನ ತುದಿಯನ್ನು ಮೂಗಿನೊಳಗೆ ತಿರುವಿ, ಬಿಸಿಲಿಗೆ ಹಿಡಿದು ನೋಡುತ್ತಿದ್ದರು. ಬೇರೆಯವರು ಪೇಪರ್ ಓದುವಷ್ಟು ಹೊತ್ತು ನೋಡುತ್ತಿದ್ದರು. ಆಮೇಲೆ ವರದಿ ಕೊಡುತ್ತಿದ್ದರು: "ಇವತ್ತು ಅರ್ಧ ಬಸ್‌ಸ್ಟ್ಯಾಂಡು ನನ್ ಮೂಗ್ನಲ್ಲೈತೆ."

ನಮ್ಮದು ಗಾಳಿ ಅಳೆಯುವ ಕೆಲಸ. ತೊಂಬತ್ತರ ದಶಕದ ಕೊನೆ. ನಾನು ಎಂ.ಎಸ್ಸಿ. ಮುಗಿಸಿ ಗುತ್ತಿಗೆ ಮೇಲೆ ಸೇರಿದ್ದೆ. ಅವರು ತಲೆ ನರೆತ ಅಟೆಂಡರ್. ಸಣ್ಣ ಬೀರುವಿನಂಥ ಯಂತ್ರವೊಂದು ಎಂಟು ಗಂಟೆ ಗಾಳಿ ಎಳೆದು, ಎದೆಗೂಡಿಗೆ ಇಳಿಯುವಂಥ ಸಣ್ಣ ಧೂಳನ್ನು ಬಿಳಿ ಕಾಗದದ ಮೇಲೆ ಹಿಡಿಯುತ್ತಿತ್ತು. ಕಾಗದವನ್ನು ಮೊದಲೊಮ್ಮೆ, ಆಮೇಲೊಮ್ಮೆ ತೂಗುತ್ತಿದ್ದೆವು; ಹೆಚ್ಚಿದ ತೂಕವೇ ಧೂಳಿನ ಲೆಕ್ಕ.

"ಕಣ್ಣಿಗೆ ಕಾಣೋ ಧೂಳು ಮರ್ಯಾದಸ್ಥ, ಎಮ್ಮೆಸ್ಸಿ ಸಾರ್," ಅನ್ನುತ್ತಿದ್ದರು. "ಬಾಗ್ಲಲ್ಲೇ ನಿಂತು ಸೀನಿಸ್ತದೆ. ಈ ಸಣ್ಣದೈತಲ್ಲ, ಹೇಳ್ದೆ ಕೇಳ್ದೆ ಒಳಕ್ಕೋಗಿ ಸಂಸಾರ ಹೂಡ್ತದೆ."

ಅವರ ತಂಗಿ ಗಂಗಮ್ಮನ ಮನೆ ಗುಬ್ಬಿ ಹತ್ತಿರದ ಒಂದು ಹಳ್ಳಿಯಲ್ಲಿತ್ತು. ಊರ ಪಕ್ಕದಲ್ಲೇ ತೆಂಗಿನ ಚಿಪ್ಪು ಸುಟ್ಟು ಇದ್ದಿಲು ಮಾಡುವ ಗುಂಡಿಗಳು. ಒಣಹಾಕಿದ ಬಟ್ಟೆ ಬೂದಿ ಬಣ್ಣಕ್ಕೆ ತಿರುಗುತ್ತಿತ್ತು. ಗಂಗಮ್ಮ ಒಂದು ವಾಕ್ಯ ಮುಗಿಸುವಷ್ಟರಲ್ಲಿ ಮೂರು ಸಲ ಕೆಮ್ಮುತ್ತಿದ್ದರು. ಧೂಳು ಮಿತಿ ಮೀರಿದೆ ಎಂದು ನಮ್ಮ ಕಾಗದ ಹೇಳಿದರೆ ಗುಂಡಿಗಳು ಅಲ್ಲಿಂದ ಏಳಬೇಕಿತ್ತು. ಮೂರು ಸಲ ಅಳೆದೆವು. ಮೂರು ಸಲವೂ ಗಾಳಿ ಮಿತಿಯೊಳಗೇ ಇತ್ತು.

ಒಂದು ದಿನ ಪತ್ರಿಕೆಯಲ್ಲಿ, ದೇಶದ ಎಷ್ಟೋ ಜನ ಕೆಟ್ಟ ಧೂಳು ಉಸಿರಾಡುತ್ತಿದ್ದಾರೆ ಎಂದು ಬಂದಿತ್ತು. ಸಿದ್ಧಗಂಗಯ್ಯ ಅದರ ಮೇಲೆ ಬೆರಳಿಟ್ಟು ಕೇಳಿದರು: "ಈ ಲೆಕ್ಕದಲ್ಲಿ ನನ್ ತಂಗಿ ಅವ್ಳಾ?"

ಇಂಥ ಲೆಕ್ಕ ನಮ್ಮಂಥವರು ಕಳಿಸುವ ಅಂಕಿಗಳಿಂದಲೇ ಆಗುವುದು, ನಮ್ಮ ಕಾಗದದ ಪ್ರಕಾರ ಆ ಊರು ಚೆನ್ನಾಗಿದೆ, ಎಂದೆ.

"ಹಂಗಾದ್ರೆ ಅವ್ಳು ಕೆಮ್ಮೋದು ಸುಳ್ಳಾ?"

ಅಂದಿನಿಂದ ಅವರಿಗೆ ಎಲ್ಲರ ಮೇಲೂ ಅನುಮಾನ. ನಾವು ಹೋದ ದಿನವೇ ಗುಂಡಿಗಳು ತಣ್ಣಗಿರುತ್ತಿದ್ದವು. "ಚಿಪ್ಪು ಲೋಡ್ ಬಂದಿಲ್ಲ ಸಾರ್" ಎನ್ನುತ್ತ ಮಾಲೀಕ ಎಳನೀರು ಕೊಡುತ್ತಿದ್ದ. ಸುದ್ದಿ ಕೊಡುವವರು ಯಾರು? ಜೀಪಿನ ಡ್ರೈವರ್ ಜೊತೆ ಸಿದ್ಧಗಂಗಯ್ಯ ಮಾತು ಬಿಟ್ಟರು. ಸಾಹೇಬರ ಫೋನಿಗೆ ಕಿವಿಗೊಟ್ಟರು. ನನ್ನನ್ನೂ ಬಿಡಲಿಲ್ಲ: "ಗುಬ್ಬಿ ಕಡೆ ನಿಮ್ಗೆ ನೆಂಟರಿಷ್ಟರು ಅವ್ರಾ ಸಾರ್? ಸುಮ್ಕೆ ಕೇಳ್ದೆ." ನಾನೂ ಅವರನ್ನು ಅನುಮಾನಿಸಿದೆ. ತಂಗಿಯ ಊರು, ಬಾಯಿ ಬಿಟ್ಟಿರಬಹುದು.

ನಾಲ್ಕನೇ ಸಲ ಹೊರಡುವ ಹಿಂದಿನ ದಿನ, ಎಂದಿನಂತೆ ಮಾಲೀಕನಿಗೆ ಫೋನ್ ಮಾಡಿದೆ. "ನಾಳೆ ಬರ್ತೀವಿ, ನಿಮ್ಮ ಶೆಡ್ಡಿಂದ ಒಂದು ಕರೆಂಟ್ ಪಾಯಿಂಟ್ ಬೇಕಿತ್ತು." ಯಂತ್ರಕ್ಕೆ ಎಂಟು ಗಂಟೆ ಕರೆಂಟು ಬೇಕಲ್ಲ; ಮೊದಲಿಂದ ನಡೆದುಬಂದ ಪದ್ಧತಿ. ಫೋನಿಟ್ಟು ತಿರುಗಿದರೆ ಸಿದ್ಧಗಂಗಯ್ಯ ಟೀ ಲೋಟ ಹಿಡಿದು ನಿಂತಿದ್ದರು.

"ಕಳ್ಳ ಸಿಕ್ದ."

"ಯಾರು?"

"ನೀವೇ. ಅವನತ್ರಾನೇ ಕರೆಂಟ್ ಇಸ್ಕಂಡು ಅವನ ಹೊಗೆ ಅಳೀತಾ ಇದೀವಲ್ಲ ಸಾರ್, ನಮ್ಮಂಥ ಬುದ್ಧಿವಂತರು ಇನ್ನೆಲ್ಲವ್ರೆ!"

ಮರುದಿನ ಹೋಗಲಿಲ್ಲ. ಎರಡು ವಾರ ಬಿಟ್ಟು, ಯಾರಿಗೂ ಹೇಳದೆ, ಯಂತ್ರವನ್ನು ಆ ಊರಿನ ಹಾಲಿನ ಡೇರಿಯ ತಾರಸಿಗೆ ಹತ್ತಿಸಿದೆವು; ಕರೆಂಟೂ ಡೇರಿಯದೇ. ಡೇರಿಯ ಬೆನ್ನಿಗೇ ಕಟ್ಟೆಯಿಲ್ಲದ ಹಾಳುಬಾವಿ. ಐದು ಗಂಟೆ ಯಂತ್ರ ಸರಿಯಾಗಿ ಓಡಿತು. ನಾನು ಮೀಟರ್ ಬರೆದುಕೊಳ್ಳಲು ಮೇಲೆ ಹೋದಾಗ ಗಾಳಿ ತಿರುಗಿತು.

ಆ ಹೊಗೆ ಬಂದದ್ದು ಮೋಡದಂತಲ್ಲ, ಗೋಣಿಚೀಲ ತಲೆಗೆ ಹಾಕಿದಂತೆ. ಕಣ್ಣು ಮುಚ್ಚಿತು, ಉಸಿರು ಅರ್ಧಕ್ಕೆ ನಿಂತಿತು. ಏಣಿ ಎಡಕ್ಕೋ ಬಲಕ್ಕೋ ಮರೆತುಹೋಯಿತು. ಕಾಲು ಸರಿಸುತ್ತ ಹೊರಟೆ. ಯಂತ್ರದ ಬಳಿ ಕೂತಿದ್ದ ಸಿದ್ಧಗಂಗಯ್ಯ ಕೂಗಿದರು:

"ಅಲ್ಲಾಡ್ಬ್ಯಾಡ ಕಣ್ಲಾ! ಅಲ್ಲೇ ಕುಂಡಿ ಊರು!"

ಅದುವರೆಗೆ ಅವರು ನನ್ನನ್ನು ಏಕವಚನದಲ್ಲಿ ಕರೆದವರಲ್ಲ. ಕುಕ್ಕರಿಸಿ ಕೂತೆ. ಅವರು ತೆವಳಿ ಬಂದು ನನ್ನ ಅಂಗಿ ಹಿಡಿದು ಹಿಂದಕ್ಕೆಳೆದರು. ಹೊಗೆ ಸ್ವಲ್ಪ ಹರಿದಾಗ ನೋಡಿದೆ: ನನ್ನ ಒಂದು ಚಪ್ಪಲಿ ತಾರಸಿಯ ಅಂಚಿನಲ್ಲಿತ್ತು. ಕೆಳಗೆ ಬಾವಿ. ಇಂದಿಗೂ ಮೆಟ್ಟಿಲಿಳಿಯುವಾಗ ಆ ಚಪ್ಪಲಿ ಕಣ್ಣಿಗೆ ಬರುತ್ತದೆ.

"ಆಫ್ ಮಾಡಿ, ಹೋಗೋಣ," ಅಂದೆ.

"ಇನ್ನೂ ಮೂರ್ ಗಂಟೆ ಐತೆ. ಎಂಟು ಗಂಟೆ ತುಂಬ್ಲಿಲ್ಲ ಅಂದ್ರೆ ಲೆಕ್ಕಕ್ಕೇ ತಗಳ್ಳಲ್ಲ. ನಾವು ಕೆಳಗಿಳಿದ್ರೆ ಅವನ ಕಡೆಯೋರು ವೈರ್ ಕೀಳಾಕೆ ಎಷ್ಟೊತ್ತು? ನೀವು ಇಳೀರಿ."

ನಾನು ಇಳಿದೆ. ಗಂಗಮ್ಮನ ಜಗಲಿ ಮೇಲೆ ಕೂತು ನೀರು ಕುಡಿದೆ. ಮೂರು ಗಂಟೆಯೂ ಅವರು ಮೂಗಿಗೆ ಒದ್ದೆ ಟವೆಲ್ ಕಟ್ಟಿಕೊಂಡು, ಯಂತ್ರಕ್ಕೆ ಕಾವಲು ಕೂತರು. ಅವರ ಕೆಮ್ಮು ಜಗಲಿವರೆಗೂ ಕೇಳುತ್ತಿತ್ತು. ನಾನು ಮತ್ತೆ ಏಣಿ ಹತ್ತಲಿಲ್ಲ.

ಕಾಗದ ಹಂಚಿನ ತಳದಂತೆ ಕಪ್ಪಾಗಿತ್ತು. ಕೆಲವು ತಿಂಗಳಲ್ಲಿ ಗುಂಡಿಗಳು ಆ ಊರಿಂದ ಎದ್ದವು. ಗಂಗಮ್ಮ ಅಂಗಳದಲ್ಲಿ ಬಿಳಿ ಸೀರೆ ಒಣಹಾಕಿದ್ದನ್ನು ಸಿದ್ಧಗಂಗಯ್ಯ ಹಬ್ಬದ ಸುದ್ದಿಯಂತೆ ಹೇಳಿದರು. ಆಮೇಲೆ ದನಿ ತಗ್ಗಿಸಿ, "ಎದ್ದೋರು ಎಲ್ಲೋ ಕೂತಿರ್ಬೇಕಲ್ಲ ಸಾರ್?" ಎಂದರು.

ಕೂತಿದ್ದರು. ಕೆಲವು ವರ್ಷಗಳ ನಂತರ ಹುಲಿಯೂರುದುರ್ಗಕ್ಕೆ ಹೋಗುವಾಗ, ಕುಣಿಗಲ್ ದಾಟಿದ ಮೇಲೆ ಬಸ್ಸಿನ ಕಿಟಕಿಯಿಂದ ಅದೇ ಹೊಗೆ ಕಂಡೆ. ವಾಸನೆಯಲ್ಲೇ ಗುರುತು ಸಿಕ್ಕಿತು.

ಇದನ್ನು ಹೇಳಲೆಂದೇ ಶೆಟ್ಟಿಹಳ್ಳಿಯ ಸಿದ್ಧಗಂಗಯ್ಯನವರ ಮನೆಗೆ ಹೋದೆ. ರಿಟೈರ್ ಆಗಿದ್ದರು; ಬನಿಯನ್ನಿನೊಳಗೆ ಎಲುಬು ಎಣಿಸಬಹುದಿತ್ತು. ನಾನು ಹೇಳಿ ಮುಗಿಸಿದ್ದೇ ತಡ, ಹೊಸ ಕರ್ಚೀಫೊಂದನ್ನು ನನ್ನ ಕೈಗಿಟ್ಟು, "ಎಲ್ಲಿ, ಕುಣಿಗಲ್ ತೋರ್ಸಿ ನೋಡನ" ಎಂದರು. ತುದಿಯನ್ನು ಮೂಗಿನೊಳಗೆ ತಿರುವಿ ಕೊಟ್ಟೆ. ಕಿಟಕಿ ಬೆಳಕಿಗೆ ಹಿಡಿದು ತಲೆಯಾಡಿಸಿದರು. ಅಷ್ಟರಲ್ಲಿ ಕೆಮ್ಮು ಬಂತು. ತಮ್ಮ ಕರ್ಚೀಫನ್ನು ಬಾಯಿಗೊತ್ತಿಕೊಂಡು ಬಹಳ ಹೊತ್ತು ಕೆಮ್ಮಿದರು. ಕೆಮ್ಮು ನಿಂತ ಮೇಲೆ ಅದನ್ನು ಬೆಳಕಿಗೆ ಹಿಡಿಯಲಿಲ್ಲ. ನಾಲ್ಕು ಮಡಿಕೆ ಮಾಡಿ ದಿಂಬಿನ ಕೆಳಗೆ ತಳ್ಳಿದರು.

"ನೋಡ್ಲೇ ಇಲ್ವಲ್ಲ?" ಎಂದೆ.

"ಗೊತ್ತಿರೋದನ್ನ ಏನ್ ನೋಡೋದು ಬುಡು ಕಣ್ಲಾ," ಅಂದರು.