ಹನ್ನೂರಿನ ಮಾಯವ್ವನ ಜ್ವರ

ಸೊಲ್ಲಾಪುರಕ್ಕೆ ಬಂದ ಮಾರನೆಯ ಬೆಳಗ್ಗೆ ನಮ್ಮ ಮನೆಯೊಡತಿ ಕಾಶೀಬಾಯಿ ನನ್ನ ಅಂಗೈಗೆ ಒಂದು ಚಿಟಿಕೆ ಕಪ್ಪು ಪುಡಿ ಹಾಕಿ, "ತಿಕ್ಕೋರಿ ಅಕ್ಕಾರ, ಹಲ್ಲ ಗಟ್ಟಿ ಆಗ್ತಾವ" ಎಂದರು. ನಾನು ನಂಬಿ ತಿಕ್ಕಿದೆ. ಬಾಯಿ ಮುಕ್ಕಳಿಸುವಷ್ಟರಲ್ಲಿ ತಲೆ ಗಿರ್ರೆಂದು ತಿರುಗಿತು. ನಲ್ಲಿಯ ಕಟ್ಟೆ ಹಿಡಿದು ಕುಳಿತು, ರೈಲಿನಲ್ಲಿ ತಿಂದದ್ದನ್ನೆಲ್ಲ ಕಕ್ಕಿದೆ. ನೀರಿಗೆ ನಿಂತಿದ್ದ ಹೆಂಗಸರು ಕೊಡ ಕೆಳಗಿಟ್ಟು ನಕ್ಕರು. ಆ ಪುಡಿಗೆ ಇಲ್ಲಿ ಮಿಶ್ರಿ ಎನ್ನುತ್ತಾರೆ. ಹೊಗೆಸೊಪ್ಪನ್ನು ಹೆಂಚಿನ ಮೇಲೆ ಕರಕಲಾಗುವಂತೆ ಹುರಿದು ಅರೆದದ್ದು. ಹಲ್ಲುಜ್ಜುವ ನೆಪದಲ್ಲಿ ಹೆಂಗಸರು ಅದನ್ನು ಹೊತ್ತುಹೊತ್ತಿಗೆ ಬಾಯಿಗೆ ಹಾಕಿಕೊಳ್ಳುತ್ತಾರೆ. ಹಸಿವೆ ಸಾಯುತ್ತದಂತೆ. ಎಲ್ಲರೂ ಉಂಡ ಮೇಲೆ ಉಳಿದದ್ದನ್ನು ಉಣ್ಣುವವಳಿಗೆ ಹಸಿವೆ ಸಾಯುವುದೇ ದೊಡ್ಡ ಅನುಕೂಲ. ಅಂದು ನನಗೂ ನಗು ಬಂದಿತ್ತು. ಆ ಬಾಯಿಗಳೊಳಗೆ ಅದು ಏನು ಮಾಡುತ್ತಿದೆ ಎಂದು ಗೊತ್ತಾದ ಮೇಲೆ, ಮಿಶ್ರಿಯ ಡಬ್ಬಿ ಕಂಡರೆ ನನಗೆ ಮೈ ಉರಿಯುತ್ತದೆ.

ನನ್ನ ಯಜಮಾನರಿಗೆ ಇಲ್ಲಿನ ಬಟ್ಟೆ ಮಿಲ್ಲಿನ ಬಣ್ಣದ ಖಾತೆಯಲ್ಲಿ ಕೆಲಸ ಸಿಕ್ಕಿತೆಂದು ನಾವು ನಂಜನಗೂಡು ಬಿಟ್ಟು ಬಂದದ್ದು. ಇಳಿದುಕೊಂಡದ್ದು ಒಂದು ಚಾಳಿನಲ್ಲಿ. ಚಾಳು ಎಂದರೆ ಸಾಲಾಗಿ ಕಟ್ಟಿದ ಒಂಟಿ ಕೋಣೆಗಳು, ಎಲ್ಲರಿಗೂ ಸೇರಿ ಒಂದೇ ನಲ್ಲಿ. ಕಪಿಲೆಯಲ್ಲಿ ಮುಳುಗಿ ಬೆಳೆದವಳು ನಾನು. ಇಲ್ಲಿ ನೀರಿಗೆ ಸರದಿ, ಸರದಿಗೆ ಜಗಳ. ಊರಿನಲ್ಲಿ ಬೆಳಗಾಯಿತೆಂದು ದೇವಸ್ಥಾನದ ಗಂಟೆ ಹೇಳುತ್ತಿತ್ತು, ಇಲ್ಲಿ ಭೋಂಗಾ ಹೇಳುತ್ತದೆ. ಭೋಂಗಾ ಎಂದರೆ ಮಿಲ್ಲಿನ ಕೂಗು. ಅದು ಕೂಗಿದರೆ ಇಡೀ ಊರು ಎದ್ದು ಓಡುತ್ತದೆ. ರಾಗಿ ಕೇಳಿದರೆ ಅಂಗಡಿಯವನು ನನ್ನ ಮುಖ ನೋಡಿದ. ಜೋಳದ ರೊಟ್ಟಿ, ಶೇಂಗಾ ಹಿಂಡಿ ಎನ್ನುವ ಒಣ ಕಡಲೆಕಾಯಿ ಚಟ್ನಿಪುಡಿ ನನ್ನ ಗಂಟಲಿನಲ್ಲಿ ಇಳಿಯದೆ, ಮೊದಲ ತಿಂಗಳುಗಳಲ್ಲಿ ಅನ್ನಕ್ಕೆ ಉಪ್ಪುಮಜ್ಜಿಗೆ ಕಲಸಿಕೊಂಡು ಅತ್ತುಕೊಂಡೇ ಉಂಡೆ.

"ಅಲ್ಲಿ ಕನ್ನಡದವರೇ ಇದ್ದಾರೆ, ಹೆದರಬೇಡ" ಎಂದು ಯಜಮಾನರು ಹೇಳಿದ್ದರು. ಇದ್ದರು. ಆದರೆ ಮಾತು ಕನ್ನಡದಲ್ಲಿ ಹೊರಟು ಮರಾಠಿಯಲ್ಲಿ ಮುಗಿಯುತ್ತಿತ್ತು. ನನ್ನ ಮಾತು ಕೇಳಿ ಕಾಶೀಬಾಯಿ, "ನೀವು ಪುಸ್ತಕ ಓದಿದಂಗ ಮಾತಾಡ್ತೀರಿ ನೋಡ್ರಿ" ಎಂದರು. ನಮ್ಮ ಕಡೆಯವರಿಗೆ ಹೇಳುತ್ತೇನೆ: ಕನ್ನಡ ನಿಮ್ಮ ಮನೆಯ ಹಿತ್ತಿಲಲ್ಲಿ ಮಾತ್ರ ಬೆಳೆಯುತ್ತದೆ ಎಂದುಕೊಂಡಿದ್ದರೆ ಆ ಜಂಬ ಬಿಡಿ. ರಾಜ್ಯಗಳನ್ನು ಭಾಷೆ ನೋಡಿ ಹಂಚಿದ ಮೇಲೆ ಈ ಅಕ್ಕಲಕೋಟೆ, ಈ ಹನ್ನೂರ, ವಾಗದರಿ ಎಲ್ಲ ಮರಾಠಿಯ ಕಡೆಗೇ ಉಳಿದವು. ಹೊಲದಲ್ಲಿ ಕನ್ನಡ, ಕಚೇರಿಯಲ್ಲಿ ಮರಾಠಿ. ದವಾಖಾನೆಯಲ್ಲೂ ಮರಾಠಿಯೇ. ಕಾಯಿಲೆ ಮಾತ್ರ ಕನ್ನಡದಲ್ಲಿ ನರಳಬೇಕು.

ಕಾಶೀಬಾಯಿಯ ಕೆನ್ನೆಯೊಳಗೆ ಒಂದು ಹುಣ್ಣಾಗಿತ್ತು. ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ತಿಂಗಳುಗಟ್ಟಲೆ ಬಚ್ಚಿಟ್ಟಿದ್ದರು. ನಾನೇ ಜಗಳವಾಡಿ ಡಾಕ್ಟರರ ಬಳಿ ಎಳೆದುಕೊಂಡು ಹೋದೆ. ಅವರ ಪುಣ್ಯ, ಅದು ಕೆಟ್ಟ ಹುಣ್ಣಲ್ಲ. ನನ್ನ ಕನ್ನಡ ಕೇಳಿದ ಆ ಮರಾಠಿ ಡಾಕ್ಟರು, "ನಮ್ಮ ಸಮಿತಿಗೆ ಬರುತ್ತೀರಾ? ಹಳ್ಳಿಯ ರೋಗಿಗಳ ಮಾತು ನಮಗೆ ತಿಳಿಯುವುದಿಲ್ಲ" ಎಂದರು. ಆ ಹೊತ್ತಿಗೆ ನಲ್ಲಿಯ ಜಗಳಗಳಲ್ಲಿ ನಾನು ಮರಾಠಿ ಕಲಿತಿದ್ದೆ, ನಾಲ್ಕು ಗೋಡೆಯ ಜೊತೆ ಮಾತಾಡಿ ಸಾಕಾಗಿಯೂ ಇತ್ತು. ಹೂಂ ಎಂದೆ.

ಸಮಿತಿ ಎಂದರೆ ನೂಲಿನ ಪೇಟೆಯ ಹಿಂದೆ ಒಂದು ಹಳೆಯ ಮನೆ, ಕೆಲವು ಮಂಚ. ಕ್ಯಾನ್ಸರಿಗೆ ಇಲ್ಲಿ ಕರ್ಕರೋಗ ಎನ್ನುತ್ತಾರೆ, ಹಳ್ಳಿಯವರು 'ಕೆಟ್ಟ ಗಂಟು' ಎಂದು ತಗ್ಗಿದ ದನಿಯಲ್ಲಿ ಹೇಳುತ್ತಾರೆ. ಅಂಥ ಬಡವರನ್ನು ಮುಂಬೈಗೆ ಕಳಿಸುವುದು, ಮುಂಬೈಯವರು ತಡವಾಯಿತೆಂದು ವಾಪಸು ಅಟ್ಟಿದವರನ್ನು ಇಟ್ಟುಕೊಳ್ಳುವುದು ಸಮಿತಿಯ ಕೆಲಸ. ಅದರ ಜೊತೆಗೆ ಡಾಕ್ಟರರ ಸಂಶೋಧನೆಯೂ ನಡೆಯುತ್ತಿತ್ತು. ಜೋರಾದ ಜ್ವರ ಬಂದು ಹೋದ ಮೇಲೆ ಕೆಲವರ ಗಂಟು ತಾನಾಗಿ ಕರಗಿದ್ದುಂಟು ಎಂದು ಅವರು ಹೊರದೇಶದ ಪತ್ರಿಕೆಗಳಲ್ಲಿ ಓದಿದ್ದರು. ಮೈಗೆ ಕಾದಾಡುವ ಶಕ್ತಿ ಇದೆ, ಅದನ್ನು ಎಬ್ಬಿಸಬೇಕು ಎನ್ನುವುದು ಅವರ ನಂಬಿಕೆ. ವಿಷಮಜ್ವರದ ಲಸಿಕೆಯನ್ನು ನರಕ್ಕೆ ಚುಚ್ಚಿ ಬೇಕೆಂದೇ ಜ್ವರ ಬರಿಸುತ್ತಿದ್ದರು. ದುಡ್ಡು ಪೇಟೆಯ ಶೇಟಜಿಗಳದು. ಅವರಲ್ಲಿ ನಮ್ಮ ಕಾರ್ಯದರ್ಶಿಗಳೇ ಮುಖ್ಯರು, ಕನ್ನಡದವರೇ, ನೂಲಿನ ವ್ಯಾಪಾರಿ.

ಮಾಯವ್ವ ಬಂದದ್ದು ಸುಗ್ಗಿಗೆ ಮುಂಚೆ. ಹನ್ನೂರಿನ ಕುರುಬರ ಹೆಂಗಸು. ಗಂಡ ಅಮಗೊಂಡ ಹೆಗಲ ಮೇಲೆ ಕಂಬಳಿ, ಹಣೆಗೆ ಬೀರೋಬಾನ ಬಂಡಾರ ಹಾಕಿಕೊಂಡು ಅವಳ ಹಿಂದೆ ನಿಂತಿದ್ದ. ಬಂಡಾರ ಎಂದರೆ ದೇವರ ಅರಿಸಿನ. ಮಿಶ್ರಿ ತಿಕ್ಕಿ ತಿಕ್ಕಿ ಮಾಯವ್ವನ ಕೆನ್ನೆ ಒಳಗಿಂದ ಉಬ್ಬಿ ದವಡೆ ಬಿಗಿದುಕೊಂಡಿತ್ತು. ಮುಂಬೈಯಿಂದ ವಾಪಸು ಬಂದವಳು. ಗಂಜಿ ಬಿಟ್ಟರೆ ಬೇರೆ ಏನೂ ಒಳಗೆ ಹೋಗುತ್ತಿರಲಿಲ್ಲ.

ಡಾಕ್ಟರು ತಮ್ಮ ವಿಧಾನವನ್ನು ವಿವರಿಸಿದರು. ನಾನು ಕನ್ನಡಕ್ಕೆ ತಿರುಗಿಸಿದೆ. ಅಮಗೊಂಡನ ಮುಖದಲ್ಲಿ ಏನೂ ಕಾಣಲಿಲ್ಲ. ಆಗ ಡಾಕ್ಟರು, "ಕುರಿಗಳಿಗೆ ಇವರು ಮಾಡುತ್ತಾರಲ್ಲ, ಹಾಗೆ ಎನ್ನಿ" ಎಂದರು. ಹೇಳಿದೆ. ಅವನ ಕಣ್ಣು ಬೆಳಗಿತು.

"ಹಂಗಂದ್ರ ತಿಳೀತು ಬಿಡ್ರಿ. ಕುರಿಗಿ ದೇವಿ ಬಂದಾಗ ಹಕ್ಕಳಿ ತಗದು ಚಲೋ ಕುರಿ ಕಿವಿಗಿ ಚುಚ್ಚತೀವಿ. ಸಣ್ಣ ಜಡ್ಡ ಬರತೈತಿ, ದೊಡ್ಡ ಜಡ್ಡ ತಪ್ಪತೈತಿ."

ದೇವಿ ಎಂದರೆ ನಮ್ಮ ಕಡೆಯ ಸಿಡುಬು. ಡಾಕ್ಟರು ಅವನ ಬೆನ್ನು ತಟ್ಟಿದರು. ಎಲ್ಲರಿಗೂ ಸಮಾಧಾನವಾಯಿತು. ಕುರಿಯ ಮಾತನ್ನು ಅಲ್ಲಿಗೇ ಬಿಟ್ಟೆವು. ಚುಚ್ಚಿದ ಮೇಲೆ ಕುರಿಯನ್ನು ಏನು ಮಾಡುತ್ತೀಯಪ್ಪ ಎಂದು ಯಾರೂ ಕೇಳಲಿಲ್ಲ.

ಸೂಜಿ ಹಾಕಿದ ದಿನ ಮಾಯವ್ವ ಮಂಚ ಅಲುಗಾಡುವಂತೆ ನಡುಗುತ್ತಿದ್ದಳು. ಆಮೇಲೆ ಮೈ ಕೆಂಡವಾಗುತ್ತಿತ್ತು. ಬೆವರು ಬಿಟ್ಟು ಜ್ವರ ಇಳಿಯುವವರೆಗೆ ನಾನು ಪಕ್ಕದಲ್ಲಿ ಕುಳಿತು ಹೊದಿಕೆ ಬದಲಿಸಿ, ಹನಿಹನಿ ನೀರು ಬಿಡುತ್ತಿದ್ದೆ. ಕೆಲವು ವಾರ ಕಳೆದ ಮೇಲೆ ಕೆನ್ನೆಯ ಬಿಗಿ ಸಡಿಲವಾಯಿತು. ಡಾಕ್ಟರು ಬೆರಳಿಟ್ಟು ನೋಡಿದರು, ಗಂಟು ಮೆತ್ತಗಾಗಿತ್ತು, ಚಿಕ್ಕದಾಗಿತ್ತು. ಒಂದು ಬೆಳಗ್ಗೆ ಅವಳು ಹಾಲಿನಲ್ಲಿ ನೆನೆಸಿದ ರೊಟ್ಟಿ ನುಂಗಿದಳು. ಆ ರೊಟ್ಟಿಯನ್ನು ತಟ್ಟಿದವಳು ನಾನು. ಅದನ್ನು ಕಲಿಸಿದವಳು ಅವಳೇ, ಮಂಚದ ಮೇಲೆ ಕುಳಿತು.

"ಹಿಟ್ಟಿಗಿ ಹೊಡೀಬ್ಯಾಡ್ರಿ ಅಕ್ಕಾರ, ಕೂಸಿನ ಬೆನ್ನ ತಟ್ಟಿದಂಗ ತಟ್ಟರಿ" ಎನ್ನುತ್ತಿದ್ದಳು. ಸೊಲ್ಲಾಪುರಕ್ಕೆ ಬಂದು ನಾನು ಮೊದಲ ಸಲ ಹೊಟ್ಟೆತುಂಬ ರೊಟ್ಟಿ ತಿಂದದ್ದು ಅವಳ ಜೊತೆಗೆ.

ಅಷ್ಟರಲ್ಲಿ ಸಮಿತಿಯ ವಾರ್ಷಿಕೋತ್ಸವ ಬಂತು. ಮುಂಬೈಯಿಂದ ದೊಡ್ಡವರೊಬ್ಬರು ಬರುವವರಿದ್ದರು. ಗೋಡೆಗೆ ಸುಣ್ಣ ಹೊಡೆಸಿದರು, ಬಾಗಿಲಿಗೆ ಕಮಾನು ಕಟ್ಟಿಸಿದರು, ಹೊಸ ಹಾಸಿಗೆ ತರಿಸಿದರು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು. ಹುಣ್ಣಿನ ವಾಸನೆ ಬರುವವರು, ಮುಖ ಕೆಟ್ಟವರು ದೊಡ್ಡವರ ಕಣ್ಣಿಗೆ ಬೀಳಬಾರದಲ್ಲ! ಅವರನ್ನೆಲ್ಲ ಊರಿಗೆ ಕಳಿಸಿ, ಉತ್ಸವ ಮುಗಿದ ಮೇಲೆ ಬರಲಿ ಎಂದು ಕಾರ್ಯದರ್ಶಿಗಳ ಅಪ್ಪಣೆಯಾಯಿತು. ಮಾಯವ್ವನಿಗೆ ಅಂದೇ ಬೆಳಗ್ಗೆ ಸೂಜಿ ಆಗಿತ್ತು.

"ಇವಳಿಗೆ ಇನ್ನು ಸ್ವಲ್ಪ ಹೊತ್ತಿಗೆ ಜ್ವರ ಏರುತ್ತದೆ, ಕಳಿಸಬೇಡಿ" ಎಂದೆ.

"ಗಂಡ ಅದಾನಲ್ಲ, ನೋಡ್ಕೋತಾನ" ಎಂದರು ಕಾರ್ಯದರ್ಶಿಗಳು.

"ಅವನಿಗೆ ಏನು ಗೊತ್ತು?"

"ಅಕ್ಕಾರ, ನೀವು ಮಾತು ತಿಳಿಸಾಕ ಬಂದವರು, ಕಾರಭಾರ ಮಾಡಾಕ ಅಲ್ಲ."

ಡಾಕ್ಟರ ಕಡೆ ನೋಡಿದೆ. ಮೈಯ ಶಕ್ತಿಯನ್ನು ಎಬ್ಬಿಸುವ ಮಹಾನುಭಾವರು ಅಡ್ಡಗೋಡೆಯ ಮೇಲೆ ದೀಪ ಇಟ್ಟಂತೆ, "ಸಂಜೆಗೆ ಇಳಿಯಬಹುದು" ಎಂದು ಒಳಗೆ ಹೋದರು. ದುಡ್ಡು ಕೊಡುವವರ ಮುಂದೆ ಅವರ ಮೈಯಲ್ಲೇ ಶಕ್ತಿ ಎದ್ದಿರಲಿಲ್ಲ. ಆಗ ಅಕ್ಕಲಕೋಟೆಯ ಮೋಟಾರು ಹೊರಡುವ ಹೊತ್ತಾಗಿತ್ತು. ಹೊರಗೆ ಓಡಿ ಬಂದೆ. ಅಮಗೊಂಡ ಅವಳನ್ನು ಕಂಬಳಿಯಲ್ಲಿ ಸುತ್ತಿಕೊಂಡು ಹೋಗಿಬಿಟ್ಟಿದ್ದ.

ಉತ್ಸವದ ದಿನ ಹಾರ ಹಾಕಿದರು, ಫೋಟೋ ತೆಗೆಸಿದರು, ಖಾಲಿ ಮಂಚಗಳನ್ನು ತೋರಿಸಿದರು. ದೊಡ್ಡವರು ಎಷ್ಟು ಸ್ವಚ್ಛವಾಗಿದೆ ಎಂದು ಹೊಗಳಿದರು. ರೋಗಿಗಳೇ ಇಲ್ಲದ ದವಾಖಾನೆ ಸ್ವಚ್ಛವಾಗಿರದೆ ಇನ್ನೇನು? ಮಾರನೆಯ ದಿನ ನಾನು ಹನ್ನೂರಿಗೆ ಹೊರಟೆ. ಅಕ್ಕಲಕೋಟೆಯವರೆಗೆ ಮೋಟಾರು, ಅಲ್ಲಿಂದ ಯಾರದೋ ಚಕ್ಕಡಿ. ಎರಡು ಕಡೆಗೂ ಎದೆಯೆತ್ತರದ ಬಿಳಿಜೋಳ, ಮೂಳೆ ಕೊರೆಯುವ ಚಳಿಗಾಳಿ. ನಂಜನಗೂಡಿನ ಚಳಿ ಬಿಸಿಲು ಬಂದರೆ ಓಡುತ್ತದೆ. ಇಲ್ಲಿಯದು ಬಯಲಲ್ಲಿ ಹಗಲೂ ನಿಂತಿರುತ್ತದೆ.

ಕುರಿದಡ್ಡಿ ಊರ ಹೊರಗಿನ ಹೊಲದಲ್ಲಿತ್ತು. ಗುಡಿಸಲಿನಲ್ಲಿ ಮಾಯವ್ವ ಇರಲಿಲ್ಲ. ದೂರದಲ್ಲಿ ಒಂದು ಜಾಲಿಮರದ ಬುಡಕ್ಕೆ ನಾಲ್ಕು ಗಳ ನೆಟ್ಟು ಜೋಳದ ಸೊಪ್ಪೆ ಹೊದಿಸಿದ್ದರು. ಅದರೊಳಗೆ ಅವಳು ಒಬ್ಬಳೇ ಮುದುರಿ ಮಲಗಿದ್ದಳು. ಕೈಗೆ ಎಟಕುವಷ್ಟು ದೂರದಲ್ಲಿ ನೀರಿನ ಮಗೆ. ಇತ್ತ ದಡ್ಡಿಯ ಬೇಲಿಯ ಬಳಿ ಅಮಗೊಂಡ ಅವಳ ಕಡೆಗೇ ಮುಖ ಮಾಡಿ ಕುಳಿತಿದ್ದ. ಅವನ ಕಂಬಳಿ ಅವಳ ಮೈಮೇಲಿತ್ತು. ಅವನು ಬರಿಮೈಯಲ್ಲಿದ್ದ.

ನನಗೆ ರೇಗಿಹೋಯಿತು. "ಮನುಷ್ಯರಾ ನೀವು? ಜ್ವರ ಬಂದವಳನ್ನು ಹೊರಗೆ ಹಾಕಿದ್ದೀರಲ್ಲ" ಎಂದು ಕೂಗಿದೆ.

ಅವನು ಎದ್ದು ನಿಂತ. "ಚುಚ್ಚಿದ ಕುರಿನ ಹಿಂಡಿನ್ಯಾಗ ಬಿಡಂಗಿಲ್ರಿ ಅಕ್ಕಾರ. ಹಕ್ಕಳಿ ಉದುರೂ ಮಟಾ ದೂರ ಕಟ್ಟತೀವಿ. ಇಲ್ಲಾಂದ್ರ ಎಲ್ಲಾಕೂ ಬಡೀತೈತಿ. ಸಣ್ಣ ಕೂಸುಗೋಳು ಅದಾವ ಮನ್ಯಾಗ. ಮೊದಲ ಅಲ್ಲೇ ಇದ್ಲು, ನೀವ ನೋಡ್ಕೊಂಡ್ರಿ. ಇಲ್ಲಿ ನಮಗ ಗೊತ್ತಿದ್ದಂಗ ಮಾಡೀವಿ." ಅವಳ ಕಡೆ ಕೈ ಮಾಡಿ, "ಡಾಕ್ಟರ ಕುರಿ ಹಂಗ ಅಂದ್ರಲ್ರಿ" ಎಂದ.

ಇದು ಸತ್ತ ಕ್ರಿಮಿಯ ಸೂಜಿ, ಇದು ಯಾರಿಗೂ ಹರಡುವುದಿಲ್ಲ ಎಂಬ ಒಂದು ಮಾತನ್ನು ಅವನಿಗೆ ಯಾರೂ ಹೇಳಿರಲಿಲ್ಲ. ಕಮಾನು ಕಟ್ಟಲು ಹೊತ್ತಿತ್ತು, ಈ ಮಾತಿಗೆ ಇರಲಿಲ್ಲ.

ಸೊಪ್ಪೆಯ ಕೆಳಗೆ ನುಸುಳಿ ಅವಳ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡೆ. ಸೂಜಿಯ ಜ್ವರ ಎಂದೋ ಇಳಿದಿತ್ತು. ಈಗಿನದು ಎದೆಯಲ್ಲಿ ಗೊರಗೊರ ಎನ್ನುವ ಬೇರೆ ಜ್ವರ. ನಾನು ಮುಟ್ಟಿದ್ದು ನೋಡಿ ಅಮಗೊಂಡ ಓಡಿ ಬಂದು ಅವಳ ಪಾದ ಹಿಡಿದು ಕುಳಿತ. ಆಮೇಲೆ ಮನೆಯವರೆಲ್ಲ ಬಂದರು.

"ಮುಟ್ಟಿದ್ರ ನಡೀತೈತೇನ್ರಿ?" ಎಂದು ಮಾಯವ್ವ ಕೇಳಿದಳು. ಆ ಮಾತು ಸ್ಪಷ್ಟವಾಗಿ ಬಂತು, ದವಡೆ ಅಷ್ಟು ಸಡಿಲವಾಗಿತ್ತು.

"ನಡೆಯುತ್ತೆ" ಎಂದೆ. ಅವಳು ಗಂಡನ ಕಡೆ ಕೈ ಚಾಚಿದಳು.

ಚಕ್ಕಡಿಯಲ್ಲಿ ಹುಲ್ಲು ಹಾಸಿ ಅಕ್ಕಲಕೋಟೆಗೆ ತಂದೆವು. ಅಲ್ಲಿನ ದವಾಖಾನೆಯಲ್ಲಿ ಅವಳು ತೀರಿಕೊಂಡಳು. ಪುಪ್ಪುಸದ ಬಾವು ಎಂದರು. ಗಂಟು ಅವಳನ್ನು ಕೊಲ್ಲಲಿಲ್ಲ, ಅದು ಸೋಲುತ್ತಿತ್ತು. ಅವಳನ್ನು ಕೊಂದದ್ದು ಹೊಸ ಸುಣ್ಣದ ಗೋಡೆ.

ಮುಂದಿನ ಸಭೆಯಲ್ಲಿ ಡಾಕ್ಟರು ಗಂಟು ಚಿಕ್ಕದಾದ ಬಗೆಯನ್ನು ವರ್ಣಿಸಿದರು. ಕಾರ್ಯದರ್ಶಿಗಳು, "ಪಾಪ, ರೋಗಿ ಚಿಕಿತ್ಸೆ ಅರ್ಧಕ್ಕ ಬಿಟ್ಟು ಹೋದ್ಲು. ಅಡಾಣಿ ಮಂದಿ" ಎಂದರು. ಅಡಾಣಿ ಎಂದರೆ ತಿಳಿವಳಿಕೆ ಇಲ್ಲದವರು. ನಾನು ಎದ್ದು ನಿಂತೆ.

"ಆಕಿ ಬಿಟ್ಟು ಹೋಗಿಲ್ರಿ. ನೀವ ದಬ್ಬೀರಿ. ಅಡಾಣಿ ಯಾರಂತ ಕನ್ನಡ್ಯಾಗ ನೋಡ್ಕೋರಿ."

ಕನ್ನಡಿ ಇರಲಿ, ಯಾರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಮನೆಗೆ ಬಂದ ಮೇಲೆ ನನಗೇ ಹೊಳೆಯಿತು, ಅಷ್ಟನ್ನೂ ನಾನು ಮಾಯವ್ವನ ಮಾತಿನಲ್ಲಿ ಆಡಿದ್ದೆ.

ಸಮಿತಿಗೆ ಹೋಗುವುದು ಬಿಟ್ಟೆ. ಯಜಮಾನರಿಗೆ ಬೆಂಗಳೂರಿನ ಮಿಲ್ಲಿನಿಂದ ಕರೆ ಬಂದಿತ್ತು. ಆ ಕೆಲಸದ ಮಾತು ಮುಗಿಸಲೆಂದು ಬೆಂಗಳೂರಿಗೆ ಹೋದವರು ನಂಜನಗೂಡಿಗೂ ಹೋಗಿ ಬಂದೆವು. ಅಮ್ಮ ಬಿಸಿ ಮುದ್ದೆ, ಸೊಪ್ಪಿನ ಸಾರು ಬಡಿಸಿದಳು. ಕಣ್ಣಲ್ಲಿ ನೀರು ಬರುವಷ್ಟು ರುಚಿಯಾಗಿತ್ತು. ಅಣ್ಣ ಏನೋ ಹಾಸ್ಯ ಮಾಡಿ, "ಆ ಮರಾಠಿ ಜನರ ಸಹವಾಸ ಸಾಕು, ಬಂದುಬಿಡು" ಎಂದ. "ಸುಮ್ಮ ಕುಂದರೋ, ನಿನಗೇನ ಗೊತ್ತೈತಿ" ಎಂದುಬಿಟ್ಟೆ. ಅಮ್ಮ ಸೌಟು ಹಿಡಿದುಕೊಂಡೇ, "ಇದ್ಯಾವ ಭಾಷೆ ಮಗಳೆ?" ಎಂದಳು. ನನ್ನ ಹಸಿವೆ ಆ ಊರಿನದು, ಸಿಟ್ಟು ಈ ಊರಿನದು. ಎರಡೂ ಒಂದೇ ಊರಿಗೆ ಸೇರುವ ಹಾಗೆ ಕಾಣುವುದಿಲ್ಲ.

ವಾಪಸು ಬಂದು ಪೆಟ್ಟಿಗೆ ಕಟ್ಟುತ್ತಿದ್ದಾಗ ಚಾಳಿನ ಬಾಗಿಲಲ್ಲಿ ಅಮಗೊಂಡ ನಿಂತಿದ್ದ. ಜೊತೆಗೆ ಸೆರಗಿನಿಂದ ಬಾಯಿ ಮುಚ್ಚಿಕೊಂಡ ಅವನ ತಂಗಿ. ಬೈಯಲು ಬಂದಿದ್ದಾನೆ ಎಂದುಕೊಂಡೆ. ಬೈದಿದ್ದರೆ ನನಗೆ ಹಗುರವಾಗುತ್ತಿತ್ತು. ಅವನು ಒಳಗೆ ಬರಲಿಲ್ಲ, ಕೂರಲಿಲ್ಲ.

"ಈಕಿಗೂ ಗಂಟ ಬಂದೈತ್ರಿ ಅಕ್ಕಾರ. ಸಮಿತಿಗಿ ಕರಕೊಂಡು ಹೋಗೂದೈತಿ. ಅದಕ್ಕ ಮೊದಲ ನಿಮ್ಮ ಕಡೆ ಬಂದೀನಿ. ಚುಚ್ಚಿದ ಮ್ಯಾಲ ಹೆಂಗ ಇಟ್ಕೋಬೇಕು, ಹೇಳ್ರಿ."

ಪೆಟ್ಟಿಗೆಯ ಹಗ್ಗ ನನ್ನ ಕೈಯಲ್ಲೇ ಇತ್ತು.

"ಬೆಚ್ಚಗ ಇಟ್ಕೋರಿ. ದೂರ ಇಡಬ್ಯಾಡ್ರಿ. ಮಗ್ಗಲದಾಗ ಕುಂದರ್ರಿ" ಎಂದೆ. ಹಗ್ಗ ಕೆಳಗಿಟ್ಟು, ಚಪ್ಪಲಿ ಮೆಟ್ಟಿ, "ನಡೀರಿ, ನಾನೂ ಬರ್ತೀನಿ" ಎಂದು ಅವರ ಮುಂದೆ ಹೊರಟೆ.