ಕಿಟ್ಲಿಯ ತಳದ ಚಹಾ

"ಒಂದೀಟ ಚಾ ಇಡು."

ಮದುವೆಯಾದ ಇಪ್ಪತ್ತೆಂಟು ವರ್ಷದಿಂದ ಪಡಸಾಲೆಯಿಂದ ಈ ಮಾತು ಕೇಳುತ್ತ ಬಂದಿದ್ದೇನೆ. ಹೇಳುವವರು ನಮ್ಮ ಯಜಮಾನರು. ಒಂದೀಟು ಅಂದರೆ ಒಂಚೂರು. ಅವರ ಬಾಯಲ್ಲಿ ಮಾತ್ರ ಅದು ಎಂದೂ ಒಂಚೂರು ಆಗಿದ್ದಿಲ್ಲ. ಎಷ್ಟು ಮಂದಿಗೆ ಅಂತ ಅವರು ಹೇಳುವುದಿಲ್ಲ, ನಾನು ಕೇಳುವಂತಿಲ್ಲ. ಬಂದವರ ಎದುರಿಗೆ ತಲೆ ಎಣಿಸಿದರೆ ಅವರಿಗೆ ಅವಮಾನವಂತೆ. ಅದಕ್ಕೆ ನಾನು ಅಡುಗೆಮನೆ ಕಿಟಕಿಯಿಂದ ಬಗ್ಗಿ ಅಂಗಳದಲ್ಲಿ ಬಿಟ್ಟ ಚಪ್ಪಲಿ ಎಣಿಸುತ್ತಿದ್ದೆ. ಆರು ಜೊತೆ ಇದ್ದರೆ, ಇವರದೂ ಸೇರಿ ಏಳು ಕಪ್ಪು. ಬರಿಗಾಲಲ್ಲಿ ಬಂದವರಿದ್ದ ದಿನ ಒಂದು ಕಪ್ಪು ಕಮ್ಮಿ ಬಿದ್ದು, ಇವರ ಕಣ್ಣು ನನ್ನನ್ನು ಸುಡುತ್ತಿತ್ತು.

ನಮ್ಮ ಮನೆ ಇರುವುದು ಶಹಾಪುರದಲ್ಲಿ. ಇವರು ಜಮೀನಿನ ಖರೀದಿ ಪತ್ರ, ಆಸ್ತಿ ಪಾಲಾದಾಗಿನ ವಾಟ್ನಿ ಪತ್ರ ಬರೆಯುವವರು. ರಜಿಸ್ಟ್ರಿ ಆಫೀಸಿನ ಬಾಗಿಲು ತೆಗೆಯುವುದು ಹತ್ತು ಗಂಟೆಗೆ, ಮಂದಿ ನಮ್ಮ ಮನೆಗೆ ಬರುವುದು ಏಳಕ್ಕೆ. ಕೊಡುವವರು, ಕೊಳ್ಳುವವರು, ಅವರ ಅಣ್ಣತಮ್ಮಂದಿರು, ಇಬ್ಬರು ಸಾಕ್ಷಿಗಳು, ಸಾಕ್ಷಿಗಳ ಜೊತೆ ಸುಮ್ಮನೆ ಬಂದವನೊಬ್ಬ. ಆ ಸುಮ್ಮನೆ ಬಂದವನಿಗೇ ಎರಡನೇ ಸಲ ಚಹಾ ಬೇಕಾಗುವುದು.

ಬೋಗುಣಿಯಲ್ಲಿ ಕುದಿಸಿ, ಸೋಸಿ, ಅಲ್ಯೂಮಿನಿಯಂ ಕಿಟ್ಲಿಗೆ ತುಂಬಿ ಪಡಸಾಲೆಯ ಹೊಸ್ತಿಲವರೆಗೆ ಒಯ್ದು ಕೊಡುತ್ತಿದ್ದೆ. ಕಿಟ್ಲಿ ತಿರುಗಿ ಬಂದಾಗ ತಳದಲ್ಲಿ ಉಳಿದದ್ದು ನನ್ನದು. ಒಂದು ದಿನ ಅರ್ಧ ಲೋಟ, ಒಂದು ದಿನ ಎರಡೇ ಗುಟುಕು. ಆರಿ ತಣ್ಣಗಾಗಿರುತ್ತಿತ್ತು, ತಳದಲ್ಲಿ ಪುಡಿ ಕೂತಿರುತ್ತಿತ್ತು. ನಿಂತಲ್ಲೇ ಸ್ಟೀಲ್ ಲೋಟಕ್ಕೆ ಬಗ್ಗಿಸಿಕೊಂಡು ಕುಡಿದು ರೊಟ್ಟಿ ಬಡಿಯಲು ಹೋಗುತ್ತಿದ್ದೆ. ನನಗೆ ಅಂತಲೇ ಚಹಾ ಮಾಡಿ, ಕಪ್ಪಿಗೆ ಹಾಕಿ ಕೈಗೆ ಕೊಟ್ಟವಳು ಸುರಪುರದ ನಮ್ಮವ್ವ ಒಬ್ಬಳೇ. ತವರಿಗೆ ಹೋದರೆ ಬಸ್ಸಿನ ಧೂಳು ಕೊಡವುವ ಮೊದಲೇ ಬೆಲ್ಲದ ಚಹಾ ಎದುರಿಗೆ ಬಂದಿರುತ್ತಿತ್ತು. ಅವಳು ತೀರಿಕೊಂಡು ಹನ್ನೊಂದು ವರ್ಷವಾಯಿತು.

ಹೋದ ವರ್ಷ ನನ್ನ ಬಲಗೈ ಮಣಿಕಟ್ಟು ಹಿಡಿದುಕೊಂಡಿತು. ಹಿಟ್ಟು ನಾದಿದರೆ ನೋವು, ಬಟ್ಟೆ ಹಿಂಡಿದರೆ ನೋವು. ಭಾರ ಎತ್ತಬೇಡಿ ಅಂದರು ಡಾಕ್ಟರು. ಹೇಳುವುದು ಸುಲಭ. ಒಂದು ಮುಂಜಾನೆ ಎಂಟು ಕಪ್ಪಿನ ಕಿಟ್ಲಿ ಹೊಸ್ತಿಲ ಮೇಲೇ ಕೈ ಜಾರಿತು. ಕುದಿವ ಚಹಾ ಕಾಲಿನ ಮೇಲೆ, ಉಳಿದದ್ದು ಪಡಸಾಲೆಯ ಜಮಖಾನೆ ಮೇಲೆ. ಇವರು ಧಡಕ್ಕನೆ ಎದ್ದು ಮೊದಲು ಎತ್ತಿಕೊಂಡದ್ದು ಸ್ಟಾಂಪ್ ಪೇಪರುಗಳನ್ನು. ಆಮೇಲೆ ನನ್ನ ಕಾಲು ನೋಡಿದರು. ಅದನ್ನು ನಾನು ಇನ್ನೂ ಮರೆತಿಲ್ಲ, ಮರೆಯುವ ಮನಸ್ಸೂ ಇಲ್ಲ.

ಮಗಳು ಯಾದಗಿರಿಯಲ್ಲಿ ನರ್ಸ್. ಬಂದು ಕಾಲಿಗೆ ಪಟ್ಟಿ ಕಟ್ಟಿದಳು, ನಮ್ಮಿಬ್ಬರಿಗೂ ಬೈದಳು. ಮುಂದಿನ ವಾರ ಬರುವಾಗ ಬಗಲಲ್ಲಿ ಒಂದು ರಟ್ಟಿನ ಡಬ್ಬಿ. ಅದರೊಳಗೆ ಕರಿ ಬಣ್ಣದ ಒಂದು ಮಶೀನು. ಹಿಂದೆ ನೀರಿನ ತೊಟ್ಟಿ, ಮುಂದೆ ಕಪ್ಪು ಇಡುವ ಜಾಗ, ಮೇಲೆ ಒಂದು ಗುಂಡಿ.

"ಯವ್ವಾ, ಇದರಾಗ ಒಂದ ಸಲಕ್ಕ ಒಂದ ಕಪ್ ನೀರ ಅಷ್ಟ ಕಾಯ್ತದ. ಕಪ್ ಇಡೂದು, ಗುಂಡಿ ಒತ್ತೂದು. ಯಾರೂ ಏನೂ ಎತ್ತಾಂಗಿಲ್ಲ," ಅಂದಳು.

ಇವರು ಮುಖ ಗಂಟಿಕ್ಕಿದರು. "ಒಂದೊಂದ ಕಪ್ ಕೊಟ್ಟರ ಉಳಿದ ಮಂದಿ ಬಾಯಿ ನೋಡ್ಕೋತ ಕುಂದ್ರಬೇಕೇನು?"

"ಕುಂದರ್ಲಿ ಬಿಡಪ್ಪಾ. ಅವ್ವ ಇಷ್ಟ ವರ್ಷ ನಿಂತಾಳ."

ಅಷ್ಟು ಹೇಳಿ ಮಶೀನನ್ನು ಅಡುಗೆಮನೆಗೆ ತರದೆ, ಪಡಸಾಲೆಯಲ್ಲಿ ಅಪ್ಪನ ಮೇಜಿನ ಪಕ್ಕದ ಸ್ಟೂಲಿನ ಮೇಲೆ ಇಟ್ಟಳು. ಜೊತೆಗೆ ದಾರ ಕಟ್ಟಿದ ಚಹಾದ ಸಣ್ಣ ಚೀಲಗಳು, ಹಾಲಿನ ಪುಡಿ, ಸಕ್ಕರೆ ಡಬ್ಬಿ. ನನ್ನ ಕಿಟ್ಲಿಯನ್ನು ತೊಳೆದು ಅಟ್ಟಕ್ಕೆ ಹಾಕಿಯೇ ಬಸ್ಸು ಹತ್ತಿದಳು.

ಮಂದಿ ಅದಕ್ಕೆ ದಾರದ ಚಾ ಅಂತ ಹೆಸರಿಟ್ಟರು. ದೋರನಹಳ್ಳಿಯಿಂದ ಬಂದ ಒಬ್ಬ ಹಿರಿಯರು ಆ ಚೀಲವನ್ನು ತಿರುಗಿಸಿ ಮುರುಗಿಸಿ ನೋಡಿ, ಹಲ್ಲಿನಿಂದ ಹರಿದು, ಪುಡಿಯನ್ನೆಲ್ಲ ಕಪ್ಪಿಗೆ ಸುರಿದುಕೊಂಡರು. "ಪುಡಿ ಚೀಲದಾಗ ಕಟ್ಟಿ ಇಟ್ಟರ ಚಾ ಹ್ಯಾಂಗ ಆಗ್ತದ್ರಿ?" ಅಂತ ಇವರನ್ನೇ ಕೇಳಿದರು. ಒಂದೊಂದು ಗುಟುಕಿಗೂ ಪುಡಿ ಉಗುಳುತ್ತ, "ಅಕ್ಕಾರ ಚಾ ಬ್ಯಾರೇನ ಇತ್ತು ಬಿಡ್ರಿ," ಅಂದರು. ಒಳಗೆ ನಿಂತು ಕೇಳಿಸಿಕೊಂಡ ನನಗೆ ನಗು ತಡೆಯಲಾಗಲಿಲ್ಲ.

ಬೇಡ ಬೇಡ ಅಂದ ಯಜಮಾನರೇ ನಾಲ್ಕು ದಿನದಲ್ಲಿ ಆ ಮಶೀನಿಗೆ ಮಾಲೀಕರಾದರು. ಸಕ್ಕರೆ ಡಬ್ಬಿ ಯಾವ ಹಲಗೆ ಮೇಲಿದೆ ಅಂತ ಈವರೆಗೆ ಗೊತ್ತಿರದಿದ್ದ ಮನುಷ್ಯ, ಈಗ ಬಂದವರ ಎದುರು ಎದ್ದು ನಿಂತು, ಕಪ್ಪು ಇಟ್ಟು, ಗುಂಡಿ ಒತ್ತಿ, "ನೋಡ್ರಿ, ನಿಮಿಷದಾಗ," ಅನ್ನುವರು. ಮಶೀನು ಗುರ್ ಅನ್ನುವುದು, ಹಬೆ ಬಿಡುವುದು, ತಾನೇ ನಿಲ್ಲುವುದು. "ನಿಮಗ ಸಕ್ಕರಿ ಎಷ್ಟ್ರಿ?" ಅಂತ ಒಬ್ಬೊಬ್ಬರನ್ನೂ ಕೇಳುವರು. ಒಬ್ಬನಿಗೆ ಎರಡು ಚಮಚ, ಒಬ್ಬನಿಗೆ ಅರ್ಧ, ಸಕ್ಕರೆ ಕಾಯಿಲೆಯವನಿಗೆ ಏನೂ ಇಲ್ಲ. ಎಲ್ಲರದೂ ಅವರಿಗೆ ಬಾಯಿಪಾಠವಾಯಿತು.

ನನಗೆ ಆರಾಮೇ ಆಯಿತು, ಸುಳ್ಳು ಹೇಳುವುದಿಲ್ಲ. ಮೊದಲ ದಿನಗಳಲ್ಲಿ ಅಡುಗೆಮನೆಯಲ್ಲಿ ಸುಮ್ಮನೆ ಕೂತರೆ ಇಷ್ಟು ವರ್ಷದ ದಣಿವೆಲ್ಲ ಒಮ್ಮೆಗೇ ಮೈಮೇಲೆ ಬಂದಂತಾಗಿ ನಿದ್ದೆ ಎಳೆಯುತ್ತಿತ್ತು. ಆದರೆ ಎರಡನೇ ದಿನದಿಂದಲೇ ತಲೆ ಸಿಡಿಯತೊಡಗಿತು, ನಾಲ್ಕೈದು ದಿನವಾದರೂ ಬಿಡಲಿಲ್ಲ. ಬಿಸಿಲಿಗೆ ಅಂದುಕೊಂಡೆ, ಕಣ್ಣಿಗೆ ಅಂದುಕೊಂಡೆ. ರೊಟ್ಟಿ ಬಡಿಯುವಾಗ ತಟ್ಟನೆ ಹೊಳೆಯಿತು: ನಾನು ಚಹಾ ಕುಡಿದೇ ಇಲ್ಲ. ಒಂದೊಂದೇ ಕಪ್ಪು ಮಾಡುವ ಮಶೀನಿನಲ್ಲಿ ತಳದಲ್ಲಿ ಏನೂ ಉಳಿಯುವುದಿಲ್ಲ. ಉಳಿಯದಿದ್ದರೆ ನನಗಿಲ್ಲ. ಇದು ಇವರಿಗೂ ಹೊಳೆದಿಲ್ಲ, ಮಗಳಿಗೂ ಹೊಳೆದಿಲ್ಲ, ಹೋಗಲಿ, ನನಗಾದರೂ ಹೊಳೆಯಬೇಕಿತ್ತಲ್ಲ!

ಅವತ್ತು ಮಂದಿಯೆಲ್ಲ ಹೋಗಿ, ಇವರೂ ಆಫೀಸಿನ ಕಡೆ ಹೋದ ಮೇಲೆ ಪಡಸಾಲೆಗೆ ಹೋದೆ. ಕಪ್ಪು ಇಟ್ಟೆ. ಗುಂಡಿಯ ಮೇಲೆ ಬೆರಳೂ ಇಟ್ಟೆ. ಒತ್ತಲು ಮನಸ್ಸಾಗಲಿಲ್ಲ. ಊರ ಮಂದಿಗೆಲ್ಲ ಎದ್ದು ನಿಂತು ಒತ್ತಿ ಕೊಡುವವರು ನನ್ನೊಬ್ಬಳಿಗೆ ಒತ್ತಿ ಕೊಡಬಾರದೇ ಅಂತ ಮೈಯೆಲ್ಲ ಉರಿದುಹೋಯಿತು. ಕಪ್ಪು ತೆಗೆದು ಬೋರಲು ಹಾಕಿದೆ. ಯಾರಾದರೂ ಮಾಡಿ ಕೊಟ್ಟರೆ ಕುಡಿಯುತ್ತೇನೆ, ಇಲ್ಲವಾದರೆ ಚಹಾ ಬಿಟ್ಟೆ. ಐವತ್ತೆರಡು ವರ್ಷದ ಹೆಂಗಸಿಗೆ ಇದು ಸಲ್ಲದ ಹಟ ಅಂತ ಗೊತ್ತು. ಅಡುಗೆಮನೆಯಲ್ಲಿ ಗ್ಯಾಸ್ ಇತ್ತು, ಒಂದು ಕಪ್ಪು ಇಟ್ಟುಕೊಳ್ಳಲು ಮಣಿಕಟ್ಟೇನು ಅಡ್ಡ ಬರುತ್ತಿರಲಿಲ್ಲ. ಆದರೆ ಇಡಲಿಲ್ಲ. ಬಾಯಿ ಬಿಟ್ಟು ಕೇಳಲೂ ಇಲ್ಲ. ಕೇಳಿ ಕುಡಿದರೆ ಏನು ಬಂತು? ತಲೆನೋವಿನ ಗುಳಿಗೆ ನುಂಗಿ ಮಲಗಿದೆ.

ಹೀಗೇ ಎರಡು ವಾರ. ಆಮೇಲೆ ಒಂದು ಮುಂಜಾನೆ ವಾಟ್ನಿ ಪತ್ರಕ್ಕೆ ಅಣ್ಣತಮ್ಮಂದಿರು ಬಂದಿದ್ದರು. ಬಾವಿಯ ಕಡೆಯ ಹೊಲ ಯಾರಿಗೆ ಅನ್ನುವಲ್ಲಿ ಮಾತು ಕೆಟ್ಟಿತು. ತಮ್ಮನಾದವನು ದಡದಡನೆ ಎದ್ದು ಚಪ್ಪಲಿ ಮೆಟ್ಟಿ ಹೋಗಿಬಿಟ್ಟ. ಅವನ ಚಹಾ ಆಗಲೇ ಆಗಿತ್ತು. ಇವರು ಆ ಕಪ್ಪು ಹಿಡಿದು ಒಳಗೆ ಬಂದರು.

"ತಗೊ, ಒಂದ ಉಳೀತು. ಕುಡಿ."

ನಾನು ರೊಟ್ಟಿಯಿಂದ ಕೈ ತೆಗೆಯಲಿಲ್ಲ. "ಉಳಿದದ್ದು ನನಗ ಬ್ಯಾಡ್ರಿ."

"ಎಂಜಲಲ್ಲ. ಯಾರೂ ಮುಟ್ಟಿಲ್ಲ."

"ಗೊತ್ತದ. ಆದರ ಅದು ನನಗಂತ ಮಾಡಿದ್ದಲ್ಲ. ಇಪ್ಪತ್ತೆಂಟ ವರ್ಷ ಕಿಟ್ಲಿ ತಳದಾಗ ಉಳಿದದ್ದ ಕುಡದೀನಿ. ನನಗ ಸಾಕಾಗ್ಯಾದ."

ಹಾಗಂದೆ, ಸಿಟ್ಟಿಗಿಂತ ಸುಸ್ತಿನಿಂದ. ಇವರು ಕಪ್ಪನ್ನೂ ನನ್ನನ್ನೂ ನೋಡಿದರು. ಬೈಯುತ್ತಾರೆ ಅಂದುಕೊಂಡೆ. ಆ ಕಪ್ಪು ಹಿಡಿದುಕೊಂಡೇ ಹೊರಗೆ ಹೋದರು. "ಒಂದ ನಿಮಿಷ ಕುಂದರ್ರಿ," ಅಂತ ಪಡಸಾಲೆಯವರಿಗೆ ಹೇಳಿದ್ದು ಕೇಳಿಸಿತು. ನನ್ನ ಸಲುವಾಗಿ ಅವರು ಮಂದಿಯನ್ನು ಕಾಯಿಸಿದ್ದು ಅದೇ ಮೊದಲು. ಮಶೀನು ಗುರ್ ಅಂದಿತು.

ಸ್ವಲ್ಪ ಹೊತ್ತಿಗೆ ಅಡುಗೆಮನೆ ಬಾಗಿಲಿಗೆ ಬಂದರು. ಒಂದು ಕೈಯಲ್ಲಿ ಕಪ್ಪು, ಒಂದು ಕೈಯಲ್ಲಿ ಖಾಲಿ ಚಮಚ.

"ನಿನಗ ಸಕ್ಕರಿ ಎಷ್ಟು?"

ಮೊದಲು ಕಣ್ಣಿಗೆ ಕತ್ತಲೆ ಬರುವಷ್ಟು ಸಿಟ್ಟು ಬಂತು. ಇಷ್ಟು ವರ್ಷ ಒಂದೇ ಮನೆಯಲ್ಲಿದ್ದು ಇದೂ ಗೊತ್ತಿಲ್ಲವೇ ಅನ್ನಲು ಬಾಯಿ ತೆರೆದೆ. ಆದರೆ ಎಷ್ಟು ಅಂತ ಹೇಳಲಿ? ಕಿಟ್ಲಿಯಲ್ಲಿ ಇರುತ್ತಿದ್ದದ್ದು ಬಂದವರ ಸಕ್ಕರೆ. ಅವ್ವ ಕೊಡುತ್ತಿದ್ದದ್ದು ಬೆಲ್ಲ, ಅದೂ ಅವಳ ಕೈಯಳತೆ. ನನಗೆ ಎಷ್ಟು ಬೇಕು ಅಂತ ನನ್ನನ್ನು ಯಾರೂ ಕೇಳಿರಲಿಲ್ಲ, ನಾನೂ ಕೇಳಿಕೊಂಡಿರಲಿಲ್ಲ.

"ಒಂದ ಹಾಕ್ರಿ," ಅಂದೆ.

ಹಾಕಿ ತಂದರು. ಹಿಟ್ಟಿನ ಕೈ ಸೆರಗಿಗೆ ಒರೆಸಿ, ಮಣೆ ಎಳೆದು ಕೂತು ಕುಡಿದೆ. ಬಿಸಿ ಇತ್ತು. ಎರಡನೇ ಗುಟುಕಿಗೆ ಕಪ್ಪು ತಿರುಗಿ ಅವರ ಕೈಗೆ ಕೊಟ್ಟೆ.

"ಇನ್ನರ್ಧ ಹಾಕ್ರಿ."

ಹೋಗಿ ಹಾಕಿ ತಂದರು. ಈ ಸಲ ಸರಿಯಾಗಿತ್ತು. ಪಡಸಾಲೆಯಲ್ಲಿ ಮಂದಿ ಕಾಯುತ್ತಿದ್ದರು, ನಾನು ಅವಸರ ಮಾಡಲಿಲ್ಲ. ನನಗೆ ಒಂದೂವರೆ ಚಮಚ ಸಕ್ಕರೆ ಬೇಕು ಅಂತ ಐವತ್ತೆರಡನೇ ವಯಸ್ಸಿನಲ್ಲಿ ಗೊತ್ತಾಯಿತು.